ಗುರವ್ವನ ವಿಮಾನ ಪರೀಕ್ಷೆ

ಹೆಣ್ಣು ನೋಡಲು ಬಂದವರು ಹುಡುಗಿಗೆ ಹಾಡು ಬರುತ್ತದೆಯೇ, ರೊಟ್ಟಿ ಬಡಿಯಲು ಬರುತ್ತದೆಯೇ ಎಂದು ಕೇಳುವುದು ಎಲ್ಲ ಊರಿನ ಪದ್ಧತಿ. ಬೈಲಹೊಂಗಲದ ಗುರವ್ವನ ಮನೆಯಲ್ಲಿ ಮಾತ್ರ ಪರೀಕ್ಷೆ ಗಂಡಿಗೆ. ನಪಾಸಾದವರನ್ನೆಲ್ಲ ಉಪ್ಪಿಟ್ಟು ತಿನ್ನಿಸಿ ಕಳಿಸಿದ್ದಳು. ಸಂಬಂಧ ಗಟ್ಟಿ ಮಾಡಿ ಹಂಚಬೇಕಾದ ಸಕ್ಕರೆಯ ಡಬ್ಬಿ ಇನ್ನೂ ಮುಚ್ಚಿಯೇ ಇತ್ತು.

ಇವತ್ತು ಮೊಮ್ಮಗಳು ಶೀತಲ ಬಾಗಿಲ ಮರೆಯಿಂದ ಇಣುಕಿ ನೋಡುತ್ತಿದ್ದಳು. ಸವದತ್ತಿಯಿಂದ ಬಂದ ವಿರೂಪಾಕ್ಷ, ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯವನು, ಚಹಾವನ್ನು ಕಪ್ಪಿನಿಂದ ಬಸಿಗೆ ಸುರಿದುಕೊಂಡು ಮಂದಿಯೆದುರೇ ಸುರ್ ಎಂದು ಕುಡಿದ. ಒಂದು ಚೂರೂ ನಾಚಲಿಲ್ಲ. ಅದೇ ಹಿಡಿಸಿ, ಇವನನ್ನೇ ಮದುವೆಯಾಗಬೇಕು ಎಂದು ಅವಳು ಅಲ್ಲೇ ನಿಶ್ಚಯಿಸಿದಳು.

ಸಂಬಂಧ ತಂದ ಗಂಗಯ್ಯ ಸುಮ್ಮನಿರಬೇಕಲ್ಲ! "ಹುಡುಗ ಮಾಲು ತರಾಕ ದಿಲ್ಲಿಗೆ ವಿಮಾನದಾಗ ಅಡ್ಡಾಡತಾನ್ರಿ," ಎಂದುಬಿಟ್ಟ.

ಗುರವ್ವನ ಕಿವಿ ನೆಟ್ಟಗಾದವು. ಹೋದ ವರ್ಷ ಕಾಶಿಗೆಂದು ಶೀತಲಳ ಜೊತೆ ಮುಂಬಯಿಯಿಂದ ದಿಲ್ಲಿಗೆ ಹಾರಿ ಬಂದವಳು ಆಕೆ. ಅಂದಿನಿಂದ ಓಣಿಯಲ್ಲಿ ವಿಮಾನದ ಮಾತೆಲ್ಲ ಆಕೆಯದೇ.

"ಹಂಗಾದ್ರ ಹೇಳಪಾ, ಅಷ್ಟ ದೊಡ್ಡ ವಿಮಾನ ನೆಲಕ್ಕ ಇಳಿದ ಮ್ಯಾಲ ಹೆಂಗ ನಿಂದರತೈತಿ?"

ವಿರೂಪಾಕ್ಷ ಗಂಗಯ್ಯನ ಮುಖ ನೋಡಿದ. ಗಂಗಯ್ಯ ಜಂತಿ ನೋಡಿದ.

"ಗೇರ್ ಇಳಿಸಿ ಬ್ರೇಕ್ ಒತ್ತತಾರ್ರಿ," ಎಂದ ವಿರೂಪಾಕ್ಷ, ಟ್ರ್ಯಾಕ್ಟರ್ ನೆನೆದು. " ಇಳಿಜಾರಿದ್ರ ಗಾಲಿಗೆ ಕಲ್ಲ ಇಡತಾರ."

"ಕಲ್ಲ!" ಗುರವ್ವ ತೊಡೆ ತಟ್ಟಿದಳು. "ರೆಕ್ಕಿ ಮ್ಯಾಲಿನ ಹಲಗಿ ಎದ್ದ ನಿಂದರತಾವು, ಭಾರೆಲ್ಲ ಗಾಲಿಗೆ ಬೀಳತೈತಿ. ಇಂಜಿನ್ ಗಾಳೀನ ಹಿಂದಕ್ಕ ಬಿಡೂದ ಬಿಟ್ಟು ಮುಂದಕ್ಕ ದಬ್ಬತೈತಿ. ಬರೇ ಬ್ರೇಕ್ ನಂಬಿದ್ರ ಸುಟ್ಟ ಹೋದಾವು!"

ಇದಿಷ್ಟೂ ಗಗನಸಖಿ ಹೇಳಿ, ಶೀತಲ ತಿಳಿಸಿಕೊಟ್ಟ ಪಾಠ. ತನ್ನ ಪಾಠವೇ ತನಗೆ ಮುಳುವಾಯಿತಲ್ಲ ಎಂದು ಶೀತಲ ತುಟಿ ಕಚ್ಚಿದಳು.

ವಿರೂಪಾಕ್ಷ ತಲೆ ತಗ್ಗಿಸಿದ. "ನಾ ವಿಮಾನ ಹತ್ತೇ ಇಲ್ರಿ ಅಮ್ಮಾರ. ಗಂಗಯ್ಯನಾರ ಮಾತಿಗೆ ಹ್ಞೂಂ ಅನ್ನಾಕ ಹೋದೆ. ತಪ್ಪಾತು."

"ಸುಳ್ಳ ಹೇಳವ್ರಿಗೆ ನಾ ಹುಡಗಿ ಕೊಡಂಗಿಲ್ಲ," ಎಂದು ಗುರವ್ವ ಎದ್ದೇಬಿಟ್ಟಳು.

ಶೀತಲಳಿಗೆ ಅಳು ಬಂತು, ಬೆನ್ನಿಗೇ ಸಿಟ್ಟೂ ಬಂತು. "ಆಯಿ, ನೆಲಕ್ಕ ಇಳಿದ ಮ್ಯಾಲ ಇಂಜಿನ್ ಗದ್ದಲ ಮಾಡಿದಾಗ ನೀ ಏನ್ ಮಾಡಿದಿ, ಅದನ್ನೂ ಹೇಳು."

"ಗಪ್ಪ ಕುಂತಿದ್ದೆ."

"ಗಪ್ಪ? ನಮ್ಮನ್ನ ಇಳಸದ ಮತ್ತ ಹೊಂಟೈತಿ ಅಂತ ತಿಳದು, 'ಏ ಡ್ರೈವರಾ, ದಿಲ್ಲಿ ಬಂತು, ಹೋಲ್ಡಾನ್! ಇಳಿಯೋರದೇವಿ!' ಅಂತ ವಿಮಾನದ ಗ್ವಾಡಿ ದಬದಬ ಬಡದಿ. ಊರಾಗ ಹೇಳಬ್ಯಾಡಂತ ನನ್ನ ಕಡೆ ಆಣಿ ಹಾಕಿಸಿದಿ."

ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ವರ್ಷದಿಂದ ಕಾಪಾಡಿಕೊಂಡ ಮಾನ ಹೀಗೆ ಹರಾಜಾಗಿ ಗುರವ್ವನ ಮುಖ ಸಣ್ಣದಾಯಿತು. ವಿರೂಪಾಕ್ಷ ಒಬ್ಬನೇ ನಗಲಿಲ್ಲ.

"ನಗಬ್ಯಾಡ್ರಿ," ಎಂದ. "ನಿಂದರೂ ಹೊತ್ನ್ಯಾಗ ಇಂಜಿನ್ ಜೋರಾತಂದ್ರ ಯಾರಿಗಾದ್ರೂ ಹಂಗ ಅನಸತೈತಿ. ನಾ ಇದ್ದಿದ್ರ ಆಚೀ ಕಡೆ ಗ್ವಾಡಿ ಬಡೀತಿದ್ದೆ."

ಗುರವ್ವ ಅವನನ್ನು ದಿಟ್ಟಿಸಿ ನೋಡಿದಳು. ಇದು ಮಾತ್ರ ಸುಳ್ಳಲ್ಲ ಎನ್ನುವುದು ಅವಳಿಗೆ ಖಾತ್ರಿಯಾಯಿತು. ಮೆಲ್ಲಗೆ ಕೂತಳು.

"ಗಂಗಯ್ಯಾರ, ಬಾಯಿ ತಕ್ಕೊಂಡ ಏನ್ ಕುಂತ್ರಿ? ಸಕ್ಕರಿ ಹಂಚ್ರಿ." ಆಮೇಲೆ ಹುಡುಗನ ಕಡೆ ತಿರುಗಿದಳು. "ಮುಂದಿನ ಸಲ ಕಾಶಿಗೆ ನೀನೂ ಬಾರಪಾ. ಎರಡೂ ಕಡೆ ಬಡದ್ರ ಹೆಂಗ ನಿಂದರಂಗಿಲ್ಲ, ನೋಡೇ ಬಿಡೂಣು."