ಕೀಲಿನ ಸಂದಿ

“ಒಂದು ಗುಂಡಿ ಹಾಕೋದಕ್ಕೆ ಎಷ್ಟು ಹೊತ್ತು ಬೇಕಪ್ಪಾ?”

ಸತ್ತವರ ಅಕ್ಕ ಇದನ್ನು ಯಾರನ್ನೂ ಕೇಳಲಿಲ್ಲ. ತಿರುಗದೆ ನಿಂತಿದ್ದ ಫ್ಯಾನಿನ ಕಡೆ ಮುಖ ಎತ್ತಿ ಅಂದರು. ಕೆಳಗೆ, ಮಂಚದ ಪಕ್ಕ ಮೊಣಕಾಲೂರಿ ಕೂತಿದ್ದ ಹೊಲಿಗೆಯಮ್ಮ ಗಂಡನ ಬಿಳಿ ಅಂಗಿಯ ಮೂರನೆಯ ಗುಂಡಿಯನ್ನು ಎಡಗೈಯಿಂದ ತೂತಿಗೆ ತಳ್ಳುತ್ತಿದ್ದಳು. ಬಲಗೈ ಶಾಲಿನೊಳಗಿತ್ತು. ಗುಂಡಿ ಅರ್ಧ ಹೋಗಿ ಮತ್ತೆ ಈಚೆ ಜಾರಿತು.

“ಸರಿ ಆಚೆ,” ಎಂದು ಅಕ್ಕ ಆಕೆಯ ಭುಜ ಹಿಡಿದು ಸರಿಸಿದರು. ಉಳಿದ ಗುಂಡಿಗಳನ್ನು ಪಟಪಟನೆ ಹಾಕಿ ತಮ್ಮನ ಕಾಲರು ನೇರ ಮಾಡಿದರು. “ಹತ್ತಕ್ಕೆ ಗಾಡಿ ಬರುತ್ತೆ. ಬದುಕಿದಷ್ಟು ದಿನ ನಿನಗೋಸ್ಕರ ಕಾದ. ಇವತ್ತೂ ಕಾಯಬೇಕಾ ಅವನು?”

“ಇಲ್ಲ ಅತ್ತಿಗೆ,” ಎಂದು ಹೊಲಿಗೆಯಮ್ಮ ಎದ್ದು ಗೋಡೆಗೆ ಒರಗಿದಳು.

ಹನ್ನೊಂದು ವರ್ಷದಿಂದ ಆಕೆ ಒಂದು ಹೊಲಿಗೆಯನ್ನೂ ಹಾಕಿರಲಿಲ್ಲ. ಆದರೂ ಬೀದಿಯವರ ಬಾಯಲ್ಲಿ ಹೊಲಿಗೆಯಮ್ಮನೇ. ಗಂಡ ತೂಕದ ಸಾಹೇಬರು: ಅಂಗಡಿಗಳ ತಕ್ಕಡಿ, ತೂಕದ ಬಟ್ಟು ಪರೀಕ್ಷಿಸಿ ಮುದ್ರೆ ಒತ್ತುವ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿದವರು. ಅವರ ಮೇಜಿನ ಮೇಲೆ ಮಖಮಲ್ಲಿನ ಗುಳಿಗಳಲ್ಲಿ ಹಿತ್ತಾಳೆಯ ಬಟ್ಟುಗಳು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಕೂತಿರುತ್ತಿದ್ದವು. ಅವನ್ನು ಬರಿಗೈಯಲ್ಲಿ ಮುಟ್ಟಿದವರನ್ನು ಸಾಹೇಬರು ಹೊರಗೆ ಕಳಿಸುತ್ತಿದ್ದರು. ಬೆವರಿಗೂ ತೂಕವಿದೆ ಎನ್ನುತ್ತಿದ್ದರು. ಇಂಥವರು ನಿನ್ನೆ ಸಂಜೆ ಕುರ್ಚಿಯಲ್ಲಿ ಕೂತವರು ಏಳಲಿಲ್ಲ.

ಎದುರುಮನೆಯ ಮೇಷ್ಟ್ರು ಹೆಂಡತಿಯೊಂದಿಗೆ ಒಳಗೆ ಬಂದರು. ಈ ಬೀದಿಗೆ ಅವರು ಹೊಸಬರು. ಮೇಷ್ಟ್ರ ಹೆಂಡತಿ ಹೊಲಿಗೆಯಮ್ಮನ ಶಾಲಿನ ಕಡೆ ನೋಡಿ, ಅಕ್ಕನ ಕಿವಿಯ ಹತ್ತಿರ ಬಾಗಿದರು.

“ಇವರೇ ಅಲ್ವಾ, ಕಾರಿನ ಡಿಕ್ಕಿ ಕೈ ಮೇಲೆ ಬೀಳಿಸಿಕೊಂಡೋರು?”

“ಇವಳೇ.” ಅಕ್ಕನಿಗೆ ಪಿಸುಗುಟ್ಟುವ ಅಭ್ಯಾಸವಿರಲಿಲ್ಲ. “ಕಾರಿನ ಡಿಕ್ಕಿಯ ಕೀಲು ಬಗ್ಗಿತ್ತು. ನನ್ನ ತಮ್ಮ ಮನೇಲೇ ರಿಪೇರಿಗೆ ಕೂತ. ಮುಚ್ಚಳ ಎತ್ತಿ ಹಿಡ್ಕೊಳೇ ಅಂದ. ಇವಳಿಗೆ ಕೊಟ್ಟಿದ್ದು ಅದೊಂದೇ ಕೆಲಸ. ಬೀದೀಲಿ ಯಾರೋ ಹೋದರು ಅಂತ ಕತ್ತು ತಿರುಗಿಸಿದಳು, ಬಿಟ್ಟಳು. ತನ್ನ ಕೈ ಮೇಲೆ ತಾನೇ ಹಾಕ್ಕೊಂಡಳು. ಪುಣ್ಯಕ್ಕೆ ಅವನ ತಲೆ ಒಳಗಿರಲಿಲ್ಲ.”

“ಅಯ್ಯೋ ಪಾಪ.”

“ಪಾಪ ಅನ್ನೋದಾದರೆ ಅವನನ್ನ ಅನ್ನಿ. ಹನ್ನೊಂದು ವರ್ಷ ಇವಳ ತಟ್ಟೆಗೆ ಬಡಿಸಿದೋನು ಅವನು. ಯಾಕೆ ಬಿಟ್ಟೆ ಅಂತ ಒಂದು ದಿನ ಕೇಳಿದೋನಲ್ಲ.”

“ದೊಡ್ಡ ಮನಸ್ಸು,” ಎಂದು ಮೇಷ್ಟ್ರು ಹೆಣದ ಕಡೆ ತಿರುಗಿ ತಲೆದೂಗಿದರು.

ಬೆಳಗಿನಿಂದ ಅಕ್ಕ ಈ ಕತೆ ಹೇಳಿದ್ದು ಇದು ಆರನೆಯ ಸಲ. ಹೊಲಿಗೆಯಮ್ಮ ಎಣಿಸುತ್ತಿದ್ದಳು. ಆಕೆಗೆ ಬೇಕಾಗಿದ್ದದ್ದು ಇಷ್ಟೇ: ನಿಜ ಏನೆಂದು ಮಗನ ಕಿವಿಗೆ ಬೀಳಬೇಕು, ಅದೂ ಬೇರೆಯವರ ಬಾಯಿಂದ. ತನ್ನ ಬಾಯಿಂದ ಒಮ್ಮೆ ಹೇಳಿ ನೋಡಿಯಾಗಿತ್ತು. ಇವತ್ತು ಈ ಕತೆ ಕೇಳಿದವರೆಲ್ಲ ಒಂದೇ ಸೂರಿನಡಿ ಇದ್ದಾರೆ. ನಾಳೆಯಿಂದ ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ಕತೆ ಹೀಗೇ ಒಣಗಿ ಗಟ್ಟಿಯಾಗುತ್ತದೆ.

*

ಹನ್ನೊಂದು ವರ್ಷದ ಹಿಂದೆ, ಅದು ರಜೆಯ ದಿನ. ಕಚೇರಿಯ ಅಂಗಳದಲ್ಲಿ ಲಾರಿಯೊಂದು ಹಿಂದಕ್ಕೆ ಬಂದು ಕಾರಿಗೆ ತಾಗಿ ವಾರವಾಗಿತ್ತು. ಡಿಕ್ಕಿಯ ಬಲಗಡೆಯ ಕೀಲು ಬಗ್ಗಿ ಮುಚ್ಚಳ ಸೊಟ್ಟಗೆ ಕೂರುತ್ತಿತ್ತು. ಬೀದಿ ಕೊನೆಯ ಗ್ಯಾರೇಜಿನವನು, “ತನ್ನಿ ಸಾಹೇಬರೇ, ಒಂದು ಗಂಟೆ ಕೆಲಸ,” ಎಂದಿದ್ದ.

“ತಕ್ಕಡಿ ಮುಳ್ಳು ಸರಿ ಮಾಡೋನಿಗೆ ಒಂದು ಕೀಲು ಸರಿ ಮಾಡೋದು ಬರಲ್ವಾ?” ಎಂದು ಸಾಹೇಬರು ಮನೆಯ ಮುಂದೆ ಗೋಣಿಚೀಲ ಹಾಸಿದರು.

ಕೆಲಸ ಅವರಿಗೆ ಬರುತ್ತಿರಲಿಲ್ಲ ಎನ್ನುವ ಹಾಗಿಲ್ಲ. ಮುಚ್ಚಳವನ್ನು ಎತ್ತಿ ನಿಲ್ಲಿಸುವ ಎರಡು ಸ್ಪ್ರಿಂಗ್ ಕಂಬಿಗಳನ್ನು, ಅವು ಚಿಮ್ಮಿ ಮುಖಕ್ಕೆ ಬಡಿಯದ ಹಾಗೆ, ಮೊದಲು ಬಿಡಿಸಿ ಪಕ್ಕಕ್ಕಿಟ್ಟರು. ಮುಚ್ಚಳಕ್ಕೆ ಒಂದು ಕೋಲು ಆನಿಸಿದರು. ಕೀಲಿನ ಹಿಂದೆ ಮರದ ತುಂಡು ಕೊಟ್ಟು, ಸುತ್ತಿಗೆಗೆ ಬಟ್ಟೆ ಸುತ್ತಿ, ಸಣ್ಣ ಸಣ್ಣ ಏಟಿನಲ್ಲಿ ನೇರ ಮಾಡಿದರು. ಸವೆದ ಮೊಳೆಯ ಜಾಗಕ್ಕೆ ಬೋಲ್ಟು ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಕೀಲು ಸರಿಯಾಗಿ ಕಂಡಿತು. ಆದರೆ ಮುಚ್ಚುವಾಗ ಒಳಗೆಲ್ಲೋ ತಗಡಿಗೆ ಉಜ್ಜುವ ಸದ್ದು.

“ಬಾ ಇಲ್ಲಿ,” ಎಂದು ಕರೆದರು.

ಹೊಲಿಗೆಯಮ್ಮ ಒಳಗೆ ಮೆಷಿನ್ನಿನ ಮುಂದೆ ಇದ್ದಳು. ಚಿಕ್ಕಂದಿನಲ್ಲಿ ಕೇಳಿ ಕೇಳಿ ಬಾಯಿಗೆ ಬಂದ ಪದ್ಯಗಳಿದ್ದವು ಆಕೆಗೆ. ಗುನುಗುತ್ತಾ ಹೊಲಿದರೆ ಒಂದು ಸಾಲಿಗೆ ಒಂದು ಗೇಣು ಹೊಲಿಗೆ, ನಾಲ್ಕು ಸಾಲಿಗೆ ಒಂದು ತೋಳು. ಮೂರನೆಯ ಸಾಲಿಗೆ ನಿಲ್ಲಿಸಿ, ಕೊರಳಲ್ಲಿ ಅಳತೆಪಟ್ಟಿಯೊಂದಿಗೇ ಬಂದಳು.

“ನಿನ್ನ ಬೆರಳು ಸಣ್ಣ. ಕೀಲಿನ ಸಂದೀಲಿಟ್ಟು ನೋಡು. ನಾನು ಮೆಲ್ಲಗೆ ಇಳಿಸ್ತೀನಿ. ಎಲ್ಲಿ ಉಜ್ಜುತ್ತೆ ಹೇಳು.”

ಸಾಹೇಬರು ಕೋಲು ತೆಗೆದು ಮುಚ್ಚಳದ ತುದಿ ಹಿಡಿದು ಹಿಂದೆ ನಿಂತರು. ಆಕೆ ಪಕ್ಕದಿಂದ ಬಗ್ಗಿ ಬಲಗೈಯ ಬೆರಳುಗಳನ್ನು ಸಂದಿಗೆ ಇಟ್ಟಳು. ಮುಚ್ಚಳ ಒಂದು ಗೇಣು ಇಳಿಯಿತು.

“ಇಲ್ಲಿ,” ಎಂದಳು. “ಇನ್ನೊಂದು ಚೂರು ಇಳಿಸಿದರೆ ಗೊತ್ತಾಗುತ್ತೆ.”

ಒಳಗೆ ಫೋನು ಹೊಡೆದುಕೊಂಡಿತು. ಕಾರು ಕೊಂಡಾಗಿನಿಂದ ಒಂಬತ್ತು ವರ್ಷ ಆ ಮುಚ್ಚಳ ಎತ್ತಿದ ಕಡೆ ನಿಲ್ಲುತ್ತಿತ್ತು. ಕೈಗೆ ಆ ರೂಢಿ ಕೂತಿತ್ತು. ಸಾಹೇಬರು ಅದನ್ನು ಪೂರ್ತಿ ಮೇಲೆತ್ತಿ, ಬಿಟ್ಟು, ಬಾಗಿಲಿನ ಕಡೆ ಎರಡು ಹೆಜ್ಜೆ ಹಾಕಿದರು. ಕಂಬಿಗಳು ಗೋಣಿಚೀಲದ ಮೇಲಿದ್ದವು.

ಮುಚ್ಚಳ ಬಿದ್ದ ಸದ್ದಿಗೆ ಅವರು ತಿರುಗಿದರು. ಆಕೆಯ ಬಾಯಿಂದ ಇನ್ನೂ ಕೂಗು ಹೊರಟಿರಲಿಲ್ಲ. ಸಾಹೇಬರು ಮುಚ್ಚಳ ನೋಡಿದರು, ಕಂಬಿ ನೋಡಿದರು, ಆಮೇಲೆ ಆಕೆಯನ್ನು ನೋಡಿದರು.

“ಯಾಕೆ ಬಿಟ್ಟೆ?” ಎಂದರು.

ಗಾಬರಿಯಲ್ಲಿ ಅಂದರು ಎಂದುಕೊಂಡಳು. ಆಸ್ಪತ್ರೆಯಲ್ಲಿ ಡಾಕ್ಟರಿಗೂ ಅದನ್ನೇ ಅಂದರು. ಅಕ್ಕನಿಗೆ ಹೇಳುವಾಗ ಅದಕ್ಕೆ ಬೀದಿಯಲ್ಲಿ ಹೋಗುವವರು ಸೇರಿಕೊಂಡರು. ಅಲ್ಲಿಂದ ಮುಂದೆ ಆ ಕತೆಯಲ್ಲಿ ಒಂದು ಗುಲಗಂಜಿಯಷ್ಟೂ ಹೆಚ್ಚುಕಮ್ಮಿಯಾಗಲಿಲ್ಲ.

ಪಟ್ಟಿ ಬಿಚ್ಚಿದ ದಿನ ನಡುವಿನ ಮೂರು ಬೆರಳು ಮಡಚಲಿಲ್ಲ. ಆ ಸಂಜೆ ಮಗನನ್ನು ಕೂರಿಸಿಕೊಂಡು ಇದ್ದದ್ದು ಇದ್ದ ಹಾಗೆ ಹೇಳಿದಳು. ಅವನಿಗೆ ಆಗ ಹತ್ತೊಂಬತ್ತು.

“ಅಪ್ಪ ಸುಳ್ಳು ಹೇಳ್ತಾರಾ ಅಮ್ಮಾ?” ಎಂದ. ಸಿಟ್ಟೇನೂ ಇರಲಿಲ್ಲ, ಕನಿಕರವಿತ್ತು. “ನೋವಲ್ಲಿ ನಿನಗೆ ಕಲಸಿಹೋಗಿದೆ. ಹೋಗಲಿ ಬಿಡು, ಅಪ್ಪ ಏನೂ ಬೈದಿಲ್ವಲ್ಲ.”

ಎರಡನೆಯ ತಿಂಗಳು ಸಾಹೇಬರು ಮೆಷಿನ್ನನ್ನು ಯಾರಿಗೋ ಕೊಟ್ಟುಬಿಟ್ಟರು. ಕಣ್ಣೆದುರಿಗಿದ್ದರೆ ನಿನಗೇ ಬೇಜಾರು ಎಂದರು. ಪದ್ಯಗಳು ಮಾತ್ರ ಆಕೆಯಲ್ಲಿ ಉಳಿದವು. ಅವಕ್ಕೆ ಮಾಡಲು ಕೆಲಸವಿರಲಿಲ್ಲ.

*

ಒಂಬತ್ತೂವರೆಗೆ ಕಚೇರಿಯ ದೊಡ್ಡ ಸಾಹೇಬರು ಬಂದರು. ಜೇಬಿನಲ್ಲಿ ನಾಲ್ಕು ಮಡಿಕೆಯ ಕಾಗದ. ಗಾಡಿ ಹೊರಡುವ ಮೊದಲು ಅಂಗಳದಲ್ಲಿ ನಾಲ್ಕು ಮಾತು ಆಡಬೇಕೆಂದು ಮಗ ಫೋನಿನಲ್ಲಿ ಕೇಳಿಕೊಂಡಿದ್ದ.

“ಕಚೇರಿ ವಿಷಯ ಎಲ್ಲರಿಗೂ ಗೊತ್ತಿರೋದೇ,” ಎಂದರು ಅವರು. “ಮನುಷ್ಯ ಎಂಥೋನು ಅಂತ ತೋರಿಸಬೇಕು. ಆ ಡಿಕ್ಕಿ ವಿಷಯ ಹಾಕಿದೀನಿ. ಒಂದು ಸಲ ಸರಿಯಾಗಿ ಹೇಳಿಬಿಡಿ, ತಪ್ಪಾಗಬಾರದು.”

ಅಕ್ಕ ಏಳನೆಯ ಸಲ ಹೇಳಿದರು. ಬಾಗಿಲ ಬಳಿ ಚಪ್ಪಲಿ ಬಿಡುತ್ತಿದ್ದ ಗ್ಯಾರೇಜಿನವನು ಅಲ್ಲೇ ನಿಂತು ಕೇಳಿದ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ; ಉಗುರಿನ ಕಪ್ಪು ಹೋಗಿರಲಿಲ್ಲ.

“ಅದು ಹಾಗಲ್ಲಮ್ಮಾ,” ಎಂದ.

“ಯಾವುದು?”

“ಮುಚ್ಚಳ ಹಿಡಿದಿದ್ದು ಇವರಲ್ಲ. ಆಮೇಲೆ ಮೂರನೇ ದಿನ ಸಾಹೇಬರು ನನ್ನ ಕರೆಸಿದರು. ಕಂಬಿ ಬಿಚ್ಚಿದ್ದರು, ವಾಪಸು ಕೂರಿಸೋಕೆ ಬಂದಿರಲಿಲ್ಲ. ರಕ್ತ ಒರೆಸಿದೋನು ನಾನೇ. ಅದು ಇದ್ದದ್ದು ಕೀಲಿನ ಸಂದೀಲಿ, ಪೂರಾ ಒಳಗೆ.” ತನ್ನ ಎರಡು ಅಂಗೈಯನ್ನು ಪುಸ್ತಕದ ಹಾಗೆ ತೆರೆದು ಮುಚ್ಚಿ ತೋರಿಸಿದ. “ಮುಚ್ಚಳ ಹಿಡಿದೋರು ಈ ತುದೀಲಿ ನಿಂತಿರ್ತಾರೆ. ಅಲ್ಲಿಂದ ಕೀಲಿಗೆ ಕೈ ಎಟುಕಲ್ಲ. ಕೀಲಿಗೆ ಕೈಯಿಟ್ಟೋರು ಮುಚ್ಚಳ ಹಿಡಿಯೋಕಾಗಲ್ಲ. ಇದ್ದೋರು ಇಬ್ಬರೇ ಅಂದಮೇಲೆ...”

“ನೀನು ಆಗ ಅಲ್ಲಿದ್ದೆಯಾ?” ಎಂದರು ಅಕ್ಕ.

“ಇರಲಿಲ್ಲ.”

“ಮತ್ತೆ?”

“ಕೀಲು ಇತ್ತಲ್ಲಮ್ಮಾ.”

ಮೇಷ್ಟ್ರ ಹೆಂಡತಿ ಬಾಯಿಗೆ ಕೈಯಿಟ್ಟುಕೊಂಡರು. ದೊಡ್ಡ ಸಾಹೇಬರು ಕಾಗದವನ್ನು ಮತ್ತೆ ಮಡಚಿದರು.

“ಹನ್ನೊಂದು ವರ್ಷ ನಾಲಿಗೆ ಎಲ್ಲಿ ಅಡವಿಟ್ಟಿದ್ದೆ?” ಅಕ್ಕನ ದನಿ ಏರಲಿಲ್ಲ. “ಹೆಣ ಮಲಗಿರೋ ಮನೇಲಿ ಬಂದು ಬಿಚ್ಚಬೇಕಿತ್ತಾ?”

“ಸಾಹೇಬರು ಯಾರಿಗೂ ಹೇಳಬೇಡ ಅಂದಿದ್ದರು. ಬೇರೆ ಯಾರೂ ಕೇಳಲೂ ಇಲ್ಲ.” ಅವನು ಹೊಲಿಗೆಯಮ್ಮನ ಕಡೆ ನೋಡಲಿಲ್ಲ. “ತಪ್ಪಾಗಿದ್ದರೆ ಕ್ಷಮಿಸಿ,” ಎಂದು, ಬಿಟ್ಟ ಚಪ್ಪಲಿ ಮೆಟ್ಟಿ ಅಂಗಳಕ್ಕೆ ಇಳಿದ.

ಮಂಚದ ಕಾಲಬಳಿ ನಿಂತಿದ್ದ ಮಗ ಎಲ್ಲವನ್ನೂ ಕೇಳಿಸಿಕೊಂಡಿದ್ದ. ತಲೆ ತಗ್ಗಿಸಿಕೊಂಡೇ ಅಡುಗೆಮನೆಗೆ ನಡೆದ. ಹೊಲಿಗೆಯಮ್ಮ ಹಿಂದೆಯೇ ಹೋದಳು. ಕಾಲು ಹಗುರಾಗಿತ್ತು, ಇಂಥ ದಿನ ಹಾಗಾಗಬಾರದು ಎನಿಸಿ, ಬೇಕೆಂದೇ ನಿಧಾನ ಹೆಜ್ಜೆ ಹಾಕಿದಳು.

ಮಗ ನಲ್ಲಿ ತಿರುಗಿಸಿ ಮುಖ ತೊಳೆದ. ಆಮೇಲೆ ಆಕೆಯ ಶಾಲು ಸರಿಸಿ ಬಲಗೈಯನ್ನು ಈಚೆ ತೆಗೆದ. ಔಷಧಿ ಅಂಗಡಿ ಇಟ್ಟವನು. ದಿನಕ್ಕೆ ಹತ್ತು ಜನರ ಗಾಯ ನೋಡುವವನು. ಈ ಕೈಯನ್ನು ಇಷ್ಟು ವರ್ಷ ಮುಟ್ಟಿರಲಿಲ್ಲ. ಮಡಚದ ಬೆರಳುಗಳ ಬುಡವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಗಾಯದ ಗೆರೆ, ಮುಚ್ಚಳದ ಅಂಚು ಬಿದ್ದವರಿಗಿರುವ ಹಾಗೆ, ಬೆರಳಿನ ತುದಿಯಲ್ಲಿರಲಿಲ್ಲ, ಗೆಣ್ಣುಗಳಿಗೆ ಅಡ್ಡಲಾಗಿತ್ತು.

“ಮತ್ತೆ ಯಾಕೆ ಹೇಳಲಿಲ್ಲ ನೀನು?”

“ಒಂದು ಸಲ ಹೇಳಿದ್ದೆ.”

ಅವನು ಕೈಯನ್ನು ಹಾಗೇ ಹಿಡಿದುಕೊಂಡು ನಿಂತ. ಒಲೆಯ ಮೇಲೆ ಯಾರೋ ಇಟ್ಟ ಚಹಾ ಉಕ್ಕಿ ಚೆಲ್ಲಿತು. ಮಗ ಒಲೆ ಆರಿಸಿ ಬಂದ.

“ಅಮ್ಮಾ, ಆ ಗ್ಯಾರೇಜಿನೋನು ಹೇಳಿದ್ದನ್ನ ಅರ್ಧ ಜನ ಕೇಳಿಸ್ಕೊಂಡಿದಾರೆ. ಹೊರಗೆ ಗುಸುಗುಸು ಶುರುವಾಗಿದೆ.”

“ಆಗಲಿ.”

“ಆಗಲಿ ಅಂದರೆ ಹೇಗೆ? ಅಪ್ಪನ ಹೆಸರು ಇವತ್ತು ಕೆಟ್ಟರೆ ಹಾಗೇ ಉಳಿಯುತ್ತೆ. ದೊಡ್ಡ ಸಾಹೇಬರಿಗೆ ನಾನು ಹೇಳ್ತೀನಿ, ಬರೆದದ್ದನ್ನೇ ಓದಲಿ. ಕೊನೇಲಿ ನಿನ್ನ ಕಡೆ ತಿರುಗಿ ಕೇಳ್ತಾರೆ. ಹೌದು ಅನ್ನು. ಅಷ್ಟಾದರೆ ಎಲ್ಲರ ಬಾಯಿ ಮುಚ್ಚುತ್ತೆ.”

ಆಕೆ ಮಗನ ಮುಖ ನೋಡಿದಳು. ಹುಬ್ಬಿನ ಹತ್ತಿರ ಇನ್ನೂ ನೀರಿನ ಹನಿ ಇತ್ತು.

“ನಿನಗೆ ನಿಜ ಗೊತ್ತಾಯ್ತಲ್ಲ?”

“ಗೊತ್ತಾಯ್ತು. ನನಗೆ ಗೊತ್ತಾದರೆ ಸಾಲದಾ? ಊರಿಗೆಲ್ಲ ಯಾಕೆ?” ಕೈಯನ್ನು ಮೆಲ್ಲಗೆ ಶಾಲಿನೊಳಗೆ ವಾಪಸು ಇಟ್ಟು, ಶಾಲಿನ ಅಂಚು ಎಳೆದು ಮುಚ್ಚಿದ. “ಹನ್ನೊಂದು ವರ್ಷ ತಡ್ಕೊಂಡೆ. ಇನ್ನೊಂದು ಹತ್ತು ನಿಮಿಷ.”

ಅವನು ಹೊರಗೆ ಹೋದ. ಆಕೆ ಚೆಲ್ಲಿದ ಚಹಾ ಒರೆಸಿದಳು, ಎಡಗೈಯಲ್ಲಿ. ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸಿದಳು.

ಗಾಡಿ ಬಂದಿತು. ಅದರ ಡ್ರೈವರು ಇನ್ನೊಂದು ಮನೆಗೂ ಹೋಗಬೇಕೆಂದು ಗಡಿಯಾರ ತೋರಿಸಿದ್ದರಿಂದ, ಮಾತು ಆರಂಭವಾಗುವ ಮೊದಲೇ ಕಚೇರಿಯ ನಾಲ್ವರು ಸಾಹೇಬರನ್ನು ಮಲಗಿಸಿದ್ದ ಪೆಟ್ಟಿಗೆಯನ್ನು ಹೆಗಲಿಗೇರಿಸಿ ಅಂಗಳದ ನಡುವೆ ತಂದರು. ಸಾಹೇಬರು ಸ್ಥೂಲ ಶರೀರದವರು. ಹೊತ್ತವರ ಕತ್ತಿನ ನರಗಳು ಎದ್ದು ಕಂಡವು. ಜನ ಸುತ್ತ ನಿಂತರು. ಗ್ಯಾರೇಜಿನವನು ಗೇಟಿನ ಬಳಿ ನೆಲ ನೋಡುತ್ತಿದ್ದ.

ದೊಡ್ಡ ಸಾಹೇಬರು ಕಾಗದ ಬಿಡಿಸಿದರು. ಒಳ್ಳೆಯ ಕಂಠ ಅವರದು. ಹಿತ್ತಾಳೆಯ ಬಟ್ಟುಗಳ ವಿಷಯ ಬಂತು, ಬೆವರಿನ ತೂಕದ ವಿಷಯ ಬಂತು. ಒಬ್ಬಿಬ್ಬರು ನಕ್ಕು ಕಣ್ಣೊರೆಸಿಕೊಂಡರು. ಆಮೇಲೆ ಡಿಕ್ಕಿಯ ವಿಷಯ.

“ಕ್ಷಣದ ಮರೆವಿನಲ್ಲಿ ಮುಚ್ಚಳ ಬಿಟ್ಟ ಕೈಯನ್ನು ಹನ್ನೊಂದು ವರ್ಷ ಹಿಡಿದು ನಡೆಸಿದರು. ಒಂದು ಕೆಟ್ಟ ಮಾತಿಲ್ಲ. ಒಂದು ದೂರಿಲ್ಲ. ಇದಕ್ಕೆ ಅವರ ಶ್ರೀಮತಿಯವರೇ ಸಾಕ್ಷಿ.” ಕನ್ನಡಕದ ಮೇಲಿಂದ ನೋಡಿದರು. “ಅಲ್ಲವೇನಮ್ಮಾ?”

ಎಲ್ಲರ ಮುಖವೂ ಹೊಲಿಗೆಯಮ್ಮನ ಕಡೆ ತಿರುಗಿತು.

“ಕೇಳ್ತಿದಾರೆ ಕಣೇ,” ಎಂದರು ಅಕ್ಕ. “ಅವನ ಋಣ ಇಷ್ಟರಲ್ಲಾದರೂ ತೀರಿಸು.”

ದೊಡ್ಡ ಸಾಹೇಬರು ಕೆಮ್ಮಿದರು. ಹೊತ್ತವರಲ್ಲಿ ಮುಂದಿದ್ದ ಗಿಡ್ಡನೆಯವನು ಮೊಣಕಾಲು ಕೊಂಚ ಬಗ್ಗಿಸಿ ಹೆಗಲು ಬದಲಿಸಿದ. ಪೆಟ್ಟಿಗೆ ಒಂದು ಮಗ್ಗುಲಿಗೆ ವಾಲಿತು. ಉಳಿದ ಮೂವರು ಏದುಸಿರಿನಲ್ಲಿ ಅದನ್ನು ಸರಿದೂಗಿಸಿಕೊಂಡರು.

ಮಗ ಪಕ್ಕಕ್ಕೆ ಬಂದು ನಿಂತ. ತುಟಿ ಅಲುಗದ ಹಾಗೆ ಅಂದ: “ಅಮ್ಮಾ, ಭಾರ ಹೊತ್ಕೊಂಡು ನಿಂತಿದಾರೆ. ಹೂಂ ಅನ್ನು, ಸಾಕು. ನನಗೋಸ್ಕರ.”

“ನಿಂತಿರಲಿ,” ಎಂದಳು ಹೊಲಿಗೆಯಮ್ಮ, ಗೇಟಿನವರೆಗೂ ಕೇಳುವ ಹಾಗೆ. “ನಾನು ಹೂಂ ಅನ್ನಲ್ಲ.”