ಕ್ರಮಸಂಖ್ಯೆ ನಾನೂರ ಹನ್ನೆರಡು

ಕಮಲಾಪುರದ ಮತದಾರರ ಪಟ್ಟಿಯಲ್ಲಿ ನಾನೂರ ಹನ್ನೆರಡನೆಯ ಹೆಸರು ರಂಜನಾ, ತಂದೆ ನರಸಿಂಹರಾವ್. ಅದೇ ರಂಜನಾ ನ್ಯೂಜಿಲೆಂಡಿನ ಸಂಸತ್ತಿನ ಸದಸ್ಯೆ ಎಂದು ಊರಿಗೆಲ್ಲ ಗೊತ್ತು. ಒಬ್ಬಳೇ ಹೆಣ್ಣುಮಗಳು ಎರಡೂ ಕಡೆ ಹೇಗಿದ್ದಾಳೆ?

ನಾನು ಕಮಲಾಪುರದ ಸರಕಾರಿ ಶಾಲೆಯ ಟೀಚರ್. ಪಾಠದ ಜೊತೆಗೆ ಮತದಾರರ ಪಟ್ಟಿ ಹಿಡಿದು ಮನೆಮನೆ ತಿರುಗುವ ಬಿಎಲ್‌ಓ ಕೆಲಸವೂ ನನ್ನ ಪಾಲಿಗೆ ಬಂದಿತ್ತು. ಸತ್ತವರ, ಊರು ಬಿಟ್ಟವರ ಹೆಸರು ತೆಗೆಯಬೇಕು. ಹದಿನೆಂಟು ತುಂಬಿದವರದು ಸೇರಿಸಬೇಕು. ನನಗಿಂತ ಮೊದಲು ಈ ಕೆಲಸ ಮಾಡುತ್ತಿದ್ದ ದೇವೀಂದ್ರಪ್ಪ ಮಾಸ್ತರರು ಹನ್ನೆರಡು ವರ್ಷ ಆ ಹೆಸರಿನ ಮುಂದೆ ‘ಮನೆಯಲ್ಲಿದ್ದಾರೆ’ ಎಂದೇ ಬರೆದಿದ್ದರು.

“ನಾ ಏನ್ ಮಾಡ್ಲವಾ? ಆಕೀ ತಾಯಿ ಪಾರ್ವತೀಬಾಯಿ ಪ್ರತೀ ಸಲ ‘ಬಜಾರಕ್ಕ ಹೋಗ್ಯಾಳ, ಬರ್ತಾಳ’ ಅಂತಿದ್ರು. ಮ್ಯಾಲ ಚಹಾ ಕುಡಿಸ್ತಿದ್ರು” ಎಂದರು ಮಾಸ್ತರರು.

ಪಟ್ಟಿ ಒಪ್ಪಿಸಲು ಒಂದೇ ದಿನ ಉಳಿದಿತ್ತು. ಆ ಭಾನುವಾರ ಬೆಳಿಗ್ಗೆ ಶಹರದ ಜೇವರ್ಗಿ ಕಾಲೋನಿಯ ನಮ್ಮ ಮನೆಯಲ್ಲಿ ಡಬ್ಬಿ ಕಟ್ಟಿಕೊಡುತ್ತ ಅಜ್ಜಿ ಶಂಕ್ರಮ್ಮ ರಂಜನಾಳ ಸಂಗತಿ ಕೇಳಿ ನಕ್ಕಳು. ಅವಳ ಕಥೆಗಳಲ್ಲಿ ಪರದೇಶಕ್ಕೆ ಹೋದವರ ಕೊರಳಿಗೆ ಬಿಳಿಯಾನೆ ಬಂದು ಮಾಲೆ ಹಾಕುತ್ತದೆ, ರಾಜ್ಯ ಸಿಗುತ್ತದೆ. “ಆ ದೇಶದಾಗ ಆನಿ ಅದಾವೇನು ಕೇಳ್ಕೊಂಡು ಬಾ” ಎಂದಳು. ಕಮಲಾಪುರದ ಬಸ್ಸಿನ ಕಿಟಕಿಗೆ ತಲೆ ಆನಿಸಿ ನಾನು ದಾರಿಯುದ್ದಕ್ಕೂ ಆ ಆನೆಯನ್ನೇ ನೋಡುತ್ತ ಹೋದೆ.

ಪಾರ್ವತೀಬಾಯಿ ನನ್ನನ್ನು ಪಡಸಾಲೆಯಲ್ಲಿ ಕೂಡಿಸಿ, ಸೊಸೆ ಮೃದುಲಾಳಿಗೆ ಚಹಾಕ್ಕೆ ಇಡಲು ಹೇಳಿದರು. ನಾನು ಮೊದಲು ಆನೆಯ ಸಂಗತಿಯನ್ನೇ ಕೇಳಿದೆ.

“ಯಾವ ಆನಿನೂ ಇಲ್ಲ! ಈಗ ನೀ ಮಾಡ್ಲಕತ್ತೀಯಲ್ಲ, ಆಕಿನೂ ಇದೇ ಮಾಡಿದ್ಳು. ಇದೇ ಊರಾಗ ಟೀಚರ್ ಇದ್ಳು, ಇಂಥದ್ದೇ ಪಟ್ಟಿ ಹಿಡ್ಕೊಂಡು ತಿರಗ್ಯಾಳ. ಆಮ್ಯಾಗ ಗಣಿತ ಕಲಸ್ಲಿಕ್ಕ ಅಲ್ಲಿಗೆ ಹೋದ್ಳು. ಸಾಲಿ ತಪ್ಪಸೋ ಹುಡುಗ್ರ ಮನೀಗೆ ಹೋಗಿ ಬಾಗಲಾ ಬಡದ್ಳಂತ. ಅಲ್ಲಿ ಹೇಳದೆ ಕೇಳದೆ ಯಾರೂ ಯಾರ ಮನೀಗೂ ಹೋಗಂಗಿಲ್ಲ. ಈಕಿ ಪೆನ್ನು ಹಿಡ್ಕೊಂಡು ‘ಮನ್ಯಾಗ ಎಷ್ಟು ಮಂದಿ ಅದೀರಿ, ಲಗ್ನ ಆಗಿ ಹೋದವರು ಯಾರು, ತೀರಿಕೊಂಡವರು ಯಾರು’ ಅಂತ ಕೇಳ್ಯಾಳ!”

“ಆಮ್ಯಾಗ್ರಿ?”

“ಒಬ್ಬರು ಪೊಲೀಸರಿಗೆ ಫೋನ್ ಮಾಡಿದ್ರಂತ. ಉಳದವರು ಕೂಡಸಿ ಮಾತಾಡಿದ್ರು. ತೀರಿಕೊಂಡವರ ಬಗ್ಗೆ ಅವ್ರನ್ನ ಯಾರೂ ಕೇಳಿದ್ದಿಲ್ಲಂತ. ಅದೇ ಮಂದಿ ಮೊದಲು ಸಾಲಿ ಕಮಿಟಿಗೆ ನಿಲ್ಲಸಿದ್ರು, ಆಮ್ಯಾಗ ಊರ ಕೌನ್ಸಿಲಿಗೆ, ಈಗ ದೊಡ್ಡ ಸಭಾಕ್ಕ.”

ನಾನು ಹೆಸರು ತೆಗೆಯುವ ಅರ್ಜಿಯನ್ನು ಮುಂದಿಟ್ಟೆ. ಅವರ ಮುಖ ಸಣ್ಣದಾಯಿತು.

“ಸತ್ತವರದು ತಗೀತಾರವಾ.”

“ಸ್ಥಳಾಂತರ ಆದವರದೂ ತಗೀತೇವ್ರಿ.”

“ಸ್ಥಳಾಂತರ ಆದವರು ತಿರುಗಿ ಬಂದ್ರ ಮತ್ತ ಬರೀತೀರಿಲ್ಲೋ?”

“ಬರೀತೇವ್ರಿ.”

“ಹಂಗಾರ ಅದಕ್ಕ ಗುರ್ತು ಹಾಕು. ನೌಕರಿಗೆ ಹೋಗ್ಯಾಳ ಅಷ್ಟೇ.”

ಅಲ್ಲಿಗೆ ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು. ಆದರೆ ಕಾರಣಗಳ ಸಾಲಿನಲ್ಲಿ ಇನ್ನೊಂದು ಚೌಕ ಕಣ್ಣಿಗೆ ಬಿತ್ತು: ‘ಭಾರತದ ಪ್ರಜೆಯಲ್ಲ.’ ನನ್ನ ಬಾಯಿ ಸುಮ್ಮನಿರಲಿಲ್ಲ.

“ಬಾಯಾರ, ಅಲ್ಲಿ ಎಲೆಕ್ಷನ್‌ಗೆ ನಿಲ್ಲಬೇಕಂದ್ರ ಆ ದೇಶದ ಪ್ರಜಾ ಆಗಬೇಕಲ್ರೀ? ಇಲ್ಲಿದು ಬಿಟ್ಟಾರೇನ್ರಿ?”

“ಬಿಟ್ಟಿದ್ರ ನನಗ ಹೇಳ್ತಿರಲಿಲ್ಲೇನು? ನಿನಗೇನೂ ತಿಳಿಯಂಗಿಲ್ಲ. ಮೃದುಲಾ, ಹಚ್ಚು ಫೋನು.”

ಅಲ್ಲಿ ಆಗಲೇ ಸಂಜೆ. ತೆರೆಯ ಮೇಲೆ ನರೆಗೂದಲು ಹಿಂದಕ್ಕೆ ಕಟ್ಟಿದ ಒಬ್ಬ ಹೆಂಗಸು, ಕೈಯಲ್ಲಿ ಕೆಂಪು ಪೆನ್ನು. ತಾಯಿ ಕೇಳಿದ್ದಕ್ಕೆ ರಂಜನಾ ಪೆನ್ನು ಕೆಳಗಿಟ್ಟು ಉತ್ತರಿಸಿದರು.

“ಆರು ವರ್ಷ ಆತು, ಆಯಿ.”

“ಒಂದ ಮಾತು ಹೇಳಲಿಲ್ಲ.”

“ಹೇಳಿದ್ರ ಬ್ಯಾಡಂತಿದ್ದಿ.”

“ಅಂತಿದ್ದೆ.”

ಮೃದುಲಾ ತಂದ ಚಹಾವನ್ನು ಯಾರೂ ಮುಟ್ಟಲಿಲ್ಲ. ತಪ್ಪು ನನ್ನದೆನಿಸಿ ನಾನು ನಡುವೆ ಬಾಯಿ ಹಾಕಿದೆ. “ಮೇಡಂ, ಸ್ಥಳಾಂತರ ಅಂತ ಹಾಕಿದ್ರೂ ನಡೀತದ್ರಿ. ಯಾರೂ ಕೇಳಂಗಿಲ್ಲ.”

“ಬ್ಯಾಡ್ರಿ ಟೀಚರ್. ತಪ್ಪು ಉತ್ತರಕ್ಕ ಗೊತ್ತಿದ್ದೂ ಮಾರ್ಕ್ಸ್ ಹಾಕ್ತೀರೇನು? ಖರೇ ಇದ್ದದ್ದಕ್ಕ ಗುರ್ತು ಹಾಕ್ರಿ. ಆಯಿ ಸಹಿ ಮಾಡಿದ್ರ ಮಾತ್ರ.”

ಪಾರ್ವತೀಬಾಯಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. “ಈಗ ನೀ ಇಲ್ಲಿಗೆ ಬರಬೇಕಂದ್ರ ಯಾರನ್ನ ಕೇಳಬೇಕು?”

“ವೀಸಾ ಕೇಳಬೇಕು. ನಿಮ್ಮ ಸರಕಾರಕ್ಕ.”

‘ನಿಮ್ಮ’ ಎಂದದ್ದು ಆಕೆಗೇ ಕೇಳಿಸಿರಬೇಕು. ಕಣ್ಣು ಕೆಳಗೆ ಹಾಕಿದರು. ತಾಯಿ ಮಾತ್ರ ಆ ಮಾತನ್ನು ಬಾಯೊಳಗೆ ಹೊರಳಿಸಿ ನೋಡುವವರಂತೆ ಕೂತಿದ್ದರು. ಆಮೇಲೆ ನನ್ನ ಕಡೆ ತಿರುಗಿದರು.

“ನನ್ನ ಹೆಸರು ಅದ ಇಲ್ಲೋ ಪಟ್ಟಿಯಾಗ?”

“ನಾನೂರ ಹನ್ನೊಂದು ನಿಮ್ದೇ ರೀ.”

“ಅಂದ್ರ ಆ ಸರಕಾರ ನಂದು.” ಫೋನಿನತ್ತ ಬಾಗಿದರು. “ವೀಸಾ ಅರ್ಜಿಯೊಳಗ ಇಲ್ಲಿಯವರ ಹೆಸರು ಕೇಳ್ತಾರೇನು?”

“ಒಬ್ಬರದು ಬರೀಬೇಕು. ಹೆಸರು, ವಿಳಾಸ.”

“ನಂದೇ ಬರಿ. ನಿನ್ನ ಇಲ್ಲಿಗೆ ಕರಿಯಾಕಿ ನಾನು.”

ನನ್ನ ಪೆನ್ನು ಇಸಿದುಕೊಂಡು ಅವರೇ ‘ಭಾರತದ ಪ್ರಜೆಯಲ್ಲ’ ಎಂಬ ಚೌಕ ಹುಡುಕಿ ಗುರುತು ಹಾಕಿದರು, ಕೆಳಗೆ ಸಹಿಯನ್ನೂ ಮಾಡಿದರು. ಹಾಳೆ ಹರಿಯುವಷ್ಟು ಒತ್ತಿ.