ಎತ್ತಿ ಕುಡಿಯುವವನು

ನಾಸಿಕದ ದ್ರಾಕ್ಷಿತೋಟಕ್ಕೆ ಹೋಗಿಬರೋಣವೆಂದು ಎಲ್ಲರನ್ನೂ ಹೊರಡಿಸಿದವಳು ಶರ್ಮಿಳಾ, ಡೊಂಬಿವಲಿಯಲ್ಲಿ ಜಯಲತಾಳ ಎದುರು ಫ್ಲ್ಯಾಟಿನವಳು. ಕಾರು ಅವಳ ಗಂಡ ಸಮಿತನದು. ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನ ತನ್ನ ಹೋಟೆಲಿಗೆ ಹಬ್ಬಕ್ಕೂ ರಜೆ ಕೊಡದ ಕುಶಲ, ಶರ್ಮಿಳಾ ಕೇಳಿದ್ದೇ ತಡ ಹೂಂ ಎಂದಿದ್ದ. ಗಂಡ ಹಾಗೆ ಹೂಂ ಎಂದದ್ದನ್ನು ಜಯಲತಾ ಮನಸ್ಸಿನಲ್ಲಿ ಗಂಟು ಹಾಕಿಟ್ಟುಕೊಂಡಿದ್ದಳು. ಅವನು ಇವತ್ತು ತೊಟ್ಟ ಹೊಸ ಶರ್ಟನ್ನೂ.

ತೋಟದ ವೈನರಿಯ ಮಹಡಿಯಲ್ಲಿ ರುಚಿ ನೋಡಲು ವೈನಿನ ಗ್ಲಾಸುಗಳನ್ನಿಟ್ಟರು. ಡ್ರೈವಿಂಗ್ ಇದೆಯೆಂದು ಸಮಿತ್ ಕೆಳಗೆ ಫೋಟೊ ತೆಗೆಯಲು ಹೋದ. ಕುಶಲ, ಸೌಟಿನ ಸಾಂಬಾರು ನೋಡುವವನಂತೆ, ನಾಲ್ಕು ಹನಿ ಅಂಗೈಗೆ ಬಿಟ್ಟು ನೆಕ್ಕಿದ.

“ಅಯ್ಯೋ ಭಟ್ರೇ, ಉಪ್ಪು ಸಾಕಾ ಹೇಳಿ!” ಎಂದಳು ಶರ್ಮಿಳಾ.

“ಉಪ್ಪು ಸಾಕು. ಹುಳಿ ಒಂದು ಮುಷ್ಟಿ ಹೆಚ್ಚಾಗಿದೆ.”

ಇಬ್ಬರೂ ನಕ್ಕರು. ಇಂಥ ಜೋಕು ಮನೆಗೆ ಬಂದು ಎಷ್ಟು ಕಾಲವಾಯಿತೆಂದು ಜಯಲತಾ ಯೋಚಿಸಿದಳು.

“ಹಾಗಾದ್ರೆ ನನ್ನದು ನೋಡಿ, ಸಿಹಿ ಉಂಟು.” ಶರ್ಮಿಳಾ ತಾನು ಕುಡಿದ ಗ್ಲಾಸನ್ನೇ ಅವನತ್ತ ತಳ್ಳಿದಳು. ಅಂಚಿನಲ್ಲಿ ಲಿಪ್‌ಸ್ಟಿಕ್ಕಿನ ಗುರುತು.

ಜಯಲತಾ ನಿಶ್ಚಿಂತೆಯಿಂದಲೇ ನೋಡಿದಳು. ಎಂಜಲು ಎಂದರೆ ಉರಿದು ಬೀಳುವವನು ಕುಶಲ. ನೀರನ್ನು ಕೂಡ ಎತ್ತಿ ಬಾಯಿಗೆ ಸುರಿದುಕೊಳ್ಳುವವನು. ಮದುವೆಯಾದ ಹೊಸತರಲ್ಲಿ ಅವಳು ಆಸೆಯಿಂದ ಅರ್ಧ ಕುಡಿದು ಕೊಟ್ಟ ಕಾಫಿಯನ್ನು ಸಿಂಕಿಗೆ ಚೆಲ್ಲಿ, “ಬೇರೆ ಮಾಡು” ಎಂದಿದ್ದ.

ಕುಶಲ ಗ್ಲಾಸು ತೆಗೆದುಕೊಂಡ. ತುಟಿ ಹಚ್ಚಿ ಕುಡಿದ.

“ಒಳ್ಳೇದುಂಟು.”

ಏನೂ ನಡೆದಿಲ್ಲವೆಂಬಂತೆ ಇಬ್ಬರೂ ಇದ್ದರು. ಜಯಲತಾ ಮುಟ್ಟುವುದೇ ಇಲ್ಲವೆಂದು ದೂರ ಸರಿಸಿದ್ದ ತನ್ನ ಗ್ಲಾಸನ್ನೆತ್ತಿ ಒಂದು ಗುಟುಕು ಕುಡಿದಳು. ಕಹಿಯೋ ಒಗರೋ ತಿಳಿಯಲಿಲ್ಲ. ಗಂಡನ ಮುಂದೆ ಹಿಡಿದಳು.

“ನನ್ನದನ್ನೂ ನೋಡಿ.”

“ಲತಾ ಕುಡಿದ್ಲು!” ಶರ್ಮಿಳಾ ಚಪ್ಪಾಳೆ ತಟ್ಟಿದಳು.

ಕುಶಲ ನಗುತ್ತಲೇ ತೆಗೆದುಕೊಂಡ. ತಲೆಯನ್ನು ಹಿಂದಕ್ಕೆ ಬಾಗಿಸಿ, ಗ್ಲಾಸನ್ನು ಎತ್ತರಕ್ಕೆ ಹಿಡಿದು, ಮನೆಯಲ್ಲಿ ನೀರು ಕುಡಿಯುವ ಹಾಗೆಯೇ ಸುರಿದುಕೊಂಡ. ಅರ್ಧ ವೈನು ಹೊಸ ಶರ್ಟಿನ ಮೇಲೆ ಇಳಿಯಿತು.

“ಛೆ, ಇದನ್ನೂ ಎತ್ತಿ ಕುಡಿಯುದಾ ಮಾರಾಯ್ರೆ!” ಶರ್ಮಿಳಾ ಬಿದ್ದುಬಿದ್ದು ನಕ್ಕಳು.

“ಅಭ್ಯಾಸ,” ಎಂದ ಕುಶಲ. ಹೇಳಿದ ಮೇಲೆ ಅವನ ಕಣ್ಣು ಲಿಪ್‌ಸ್ಟಿಕ್ಕಿನ ಗ್ಲಾಸಿನ ಮೇಲೆ ಬಿತ್ತು. ಅಲ್ಲಿಂದ ಹೆಂಡತಿಯ ಮುಖಕ್ಕೆ. ನಗು ಅಲ್ಲೇ ನಿಂತಿತು.

“ಲತಾ, ಕರ್ಚೀಫ್ ಉಂಟಾ?”

ಪರ್ಸಿನಲ್ಲಿ ಒಗೆದು ಮಡಚಿಟ್ಟ ಕರ್ಚೀಫಿತ್ತು. ಜಯಲತಾ ಜಿಪ್ಪನ್ನು ಕೊನೆಯವರೆಗೂ ಎಳೆದು ಮುಚ್ಚಿದಳು.

“ಇಲ್ಲ,” ಎಂದಳು. “ಅವಳ ಹತ್ರ ಕೇಳಿ.”

ಅವನು ಕೇಳಲಿಲ್ಲ. ವಾಪಸಾಗುವಾಗ ಕಾರು ಕಸಾರಾ ಘಾಟಿ ಇಳಿಯುವಷ್ಟರಲ್ಲಿ ಕಲೆ ಅವನ ಎದೆಯ ಮೇಲೆ ಒಣಗಿತ್ತು.